ಉಂಡು ಮಲಗಿದರೂ ಮುಗಿಯದ ಜಗಳ

ರಾತ್ರಿ ಹತ್ತು ಗಂಟೆ. ಮಗಳು ಮಲಗಿಯಾಗಿತ್ತು. ಮರುದಿನಕ್ಕೆ ಬ್ಯಾಗ್ ಜೋಡಿಸುತ್ತಿದ್ದ ಹೆಂಡತಿ ಮಗಳ ಶೂ ಕೈಗೆತ್ತಿಕೊಂಡು, ಅದರ ತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. "ಇದು ಅವಳಿಗೆ ಬಿಗಿಯಾಗಿ ಎರಡು ವಾರ ಆಯ್ತು" ಅಂದಳು. ನಾನು ಫೋನಿನಿಂದ ತಲೆ ಎತ್ತದೆ, "ಹೇಳಿದ್ದರೆ ತರ್ತಿದ್ದೆನಲ್ಲ" ಅಂದೆ.

ಅಷ್ಟೇ. ಶೂನಿಂದ ಶುರುವಾದದ್ದು, ಹೋದ ವರ್ಷ ಮಗಳಿಗೆ ಜ್ವರ ಬಂದಾಗ ರಜೆ ಹಾಕಿದ್ದು ಯಾರು ಅನ್ನುವಲ್ಲಿಗೆ ಹೋಗಿ ನಿಂತಿತು. ಕೊನೆಗೆ ಅವಳು ಹೇಳಿದ್ದು ಒಂದೇ ಮಾತು: "ಹೇಳೋದೇ ಒಂದು ಕೆಲಸ ಕಣೋ. ಅದನ್ನ ಯಾರು ಮಾಡ್ತಾರೆ?"

ಆವತ್ತು ನನಗದು ಅರ್ಥವಾಗಲಿಲ್ಲ. ಸುಮ್ನೆ ಜಗಳ ಗೆಲ್ಲೋಕೆ ಹೇಳಿದ ಮಾತು ಅಂದುಕೊಂಡೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಗಾದೆ ಕಟ್ಟಿದವರು ಜಾಣರೇ. ಜೊತೆಗೆ ಕೂತು ಉಂಡು, ಒಂದು ಒಳ್ಳೆಯ ನಿದ್ದೆ ಮಾಡಿದರೆ ಅರ್ಧ ಸಿಟ್ಟು ತಾನಾಗಿ ಇಳಿಯುತ್ತದೆ. ಆದರೆ ಇಬ್ಬರೂ ದುಡಿಯುವ, ಚಿಕ್ಕ ಮಕ್ಕಳಿರುವ ಮನೆಯನ್ನು ನೋಡಿ. ಒಬ್ಬರು ಮಗುವಿಗೆ ಉಣಿಸುವಾಗ ಇನ್ನೊಬ್ಬರು ಆಫೀಸಿನ ಕಾಲ್‌ನಲ್ಲಿರುತ್ತಾರೆ. ಇವರು ಕೂರುವ ಹೊತ್ತಿಗೆ ಅವರದು ಮುಗಿದಿರುತ್ತದೆ. ನಿದ್ದೆಯಂತೂ ತುಂಡು ತುಂಡು. ಗಾದೆ ಹೇಳಿದ ಎರಡು ಮದ್ದೂ ಕೈಯಲ್ಲಿಲ್ಲ. ಹಾಗಾಗಿ ರಾತ್ರಿ ಬಿಟ್ಟ ಜಗಳ ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲ ಬಾಗಿಲಲ್ಲೇ ಕಾಯುತ್ತಿರುತ್ತದೆ.

ಇಂಥ ಹೊತ್ತಲ್ಲಿ "ನಮ್ಮ ನಡುವೆ ಪ್ರೀತಿ ಕಡಿಮೆಯಾಯ್ತು" ಅಂತ ತೀರ್ಮಾನಕ್ಕೆ ಬರುವವರು ಬಹಳ. ಎಷ್ಟೋ ಮನೆಗಳಲ್ಲಿ ಪ್ರೀತಿ ಇದ್ದಲ್ಲೇ ಇರುತ್ತದೆ, ಆದರೆ ಒಬ್ಬರ ದುಡಿಮೆ ಇನ್ನೊಬ್ಬರ ಕಣ್ಣಿಗೆ ಬೀಳುವುದು ನಿಂತುಹೋಗಿರುತ್ತದೆ ಅನ್ನುವುದು ನನ್ನ ಅನಿಸಿಕೆ. ಅದು ಯಾಕೆ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ ಅನ್ನುವುದರ ಬಗ್ಗೆ ಮನಶ್ಶಾಸ್ತ್ರದವರು, ಸಮಾಜಶಾಸ್ತ್ರದವರು ಸುಮಾರು ಕೆಲಸ ಮಾಡಿದ್ದಾರೆ. ಅದನ್ನು ಮನೆಮಾತಿನಲ್ಲಿ ಹೇಳಲು ನೋಡುತ್ತೇನೆ.

ಮೊದಲು ಒಂದು ಸಮಾಧಾನ. ಮಗು ಹುಟ್ಟಿದ ಮೇಲೆ ಸಂಸಾರದಲ್ಲಿ ಕಿರಿಕಿರಿ ಜಾಸ್ತಿಯಾಗುವುದು ನಿಮ್ಮ ಮನೆಯ ವಿಶೇಷವೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಯಾನ್ ಡಾಸ್ ಮತ್ತು ಸಂಗಡಿಗರು 218 ಜೋಡಿಗಳನ್ನು ಮದುವೆಯಾದ ಮೊದಲ 8 ವರ್ಷ ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಗು ಹುಟ್ಟಿದ ಕೂಡಲೇ ದಾಂಪತ್ಯದ ನೆಮ್ಮದಿ ಥಟ್ಟನೆ ಒಂದು ಮೆಟ್ಟಿಲು ಇಳಿದಿತ್ತು. ಹಾಗಂತ ಮಕ್ಕಳಿಲ್ಲದ ಜೋಡಿಗಳದ್ದು ಇಳಿಯಲಿಲ್ಲ ಅಂತಲ್ಲ. ಅವರದ್ದೂ ಇಳಿಯಿತು, ಆದರೆ ನಿಧಾನಕ್ಕೆ, ಇಳಿಜಾರಿನಲ್ಲಿ. ಮಕ್ಕಳಿದ್ದವರು ಅದೇ ಇಳಿಜಾರಿನಲ್ಲಿ ಒಮ್ಮೆ ಎಡವಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಇನ್ನೊಂದು ಗಾದೆ ಇದೆಯಲ್ಲ, ಇಲ್ಲಿ ಅದು ತಿರುವುಮುರುವು. ಕೂಸಿನ ಗಲಾಟೆಯಲ್ಲಿ ಗಂಡ ಹೆಂಡಿರು ಬಡವಾಗಿರುತ್ತಾರೆ.

ಎಡವಲು ಮೊದಲ ಕಾರಣ ನಿದ್ದೆ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಜರ್ಮನಿಯ ಸಾವಿರಾರು ತಂದೆತಾಯಿಯರ ಮಾಹಿತಿ ಆಧರಿಸಿ 2019ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಮಗು ಹುಟ್ಟಿದ ಮೊದಲ 3 ತಿಂಗಳಲ್ಲಿ ತಾಯಂದಿರ ನಿದ್ದೆ ದಿನಕ್ಕೆ ಸುಮಾರು ಒಂದು ಗಂಟೆ ಕಡಿಮೆಯಾಗಿತ್ತು. ತಂದೆಯರದ್ದು ಕಾಲು ಗಂಟೆ. ಮೊದಲ ಮಗುವಿಗೆ 6 ವರ್ಷ ಆಗುವವರೆಗೂ ಇಬ್ಬರ ನಿದ್ದೆಯೂ ಪೂರ್ತಿ ಮೊದಲಿನಂತಾಗಿರಲಿಲ್ಲ. ಆರು ವರ್ಷ! ಅಷ್ಟರಲ್ಲಿ ಎರಡನೇ ಮಗು ಬಂದಿರುತ್ತದೆ.

ನಿದ್ದೆಗೂ ಜಗಳಕ್ಕೂ ಏನು ಸಂಬಂಧ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಏಮಿ ಗಾರ್ಡನ್ ಮತ್ತು ಸೆರೀನಾ ಚೆನ್ ಇದನ್ನೇ ನೋಡಿದರು. ನಿದ್ದೆ ಕೆಟ್ಟ ಮರುದಿನ ಜೋಡಿಗಳಲ್ಲಿ ಜಗಳ ಜಾಸ್ತಿ ಇತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ನಿದ್ದೆಗೆಟ್ಟವರು ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಅಂತ ಸರಿಯಾಗಿ ಊಹಿಸುವುದರಲ್ಲಿ ಸೋಲುತ್ತಿದ್ದರು. ದಣಿದ ಮುಖ ಅವರಿಗೆ ಸಿಡುಕು ಮುಖವಾಗಿ ಕಾಣುತ್ತದೆ ಅಂತಿಟ್ಟುಕೊಳ್ಳಿ. ಜಗಳ ಚೆನ್ನಾಗಿ ಬಗೆಹರಿಯುತ್ತಿದ್ದದ್ದು ಇಬ್ಬರದ್ದೂ ನಿದ್ದೆ ಆಗಿದ್ದ ದಿನ. ಒಬ್ಬರದ್ದು ಕೆಟ್ಟರೂ ಸಾಕು, ಮಾತು ಹಳಿ ತಪ್ಪುತ್ತಿತ್ತು.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದು ರೂಢಿ ಇದೆ. ರಾತ್ರಿ ಒಂಬತ್ತರ ಮೇಲೆ ದುಡ್ಡು, ರಜೆ, ಮನೆಕೆಲಸ, ಯಾವುದರ ಬಗ್ಗೆಯೂ ಪಂಚಾಯ್ತಿ ಇಲ್ಲ. ಎಷ್ಟೇ ನ್ಯಾಯವಾದ ಮಾತಾದರೂ ನಾಳೆಗೆ. ರಾತ್ರಿ ಎದ್ದೇಳುವುದನ್ನೂ ಹಂಚಿಕೊಂಡಿದ್ದೇವೆ. ಅರ್ಧರ್ಧ ರಾತ್ರಿ ಇಬ್ಬರೂ ಏಳುವ ಬದಲು, ಒಂದು ರಾತ್ರಿ ಪೂರ್ತಿ ಒಬ್ಬರು. ಇನ್ನೊಬ್ಬರು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಮಗು ಎದೆಹಾಲು ಕುಡಿಯುವಷ್ಟು ದಿನ ಇದು ಪೂರ್ತಿ ಸಾಧ್ಯವಿಲ್ಲ, ನಿಜ. ಆಮೇಲಾದರೂ ಮಾಡಬಹುದು, ಎಷ್ಟೋ ಜನ ಮಾಡುವುದಿಲ್ಲ.

ಲೆಕ್ಕ ಯಾಕೆ ತಾಳೆಯಾಗುವುದಿಲ್ಲ

ಈಗ ಒಂದು ಸಣ್ಣ ಪರೀಕ್ಷೆ. ಮನೆಕೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ನಿಮ್ಮ ಗಂಡ ಅಥವಾ ಹೆಂಡತಿಯೂ ಬರೆಯಲಿ. ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಆಮೇಲೆ ಕೂಡಿಸಿ.

ಮೊತ್ತ ನೂರು ದಾಟುವ ಸಾಧ್ಯತೆಯೇ ಜಾಸ್ತಿ. ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೊಲಿ 1979ರಲ್ಲಿ ಪ್ರಕಟಿಸಿದ ಪ್ರಯೋಗ ಇಂಥದ್ದೇ. 37 ಜೋಡಿಗಳಿಗೆ 20 ಬಗೆಯ ಮನೆಗೆಲಸಗಳ ಪಟ್ಟಿ ಕೊಟ್ಟು, ಪ್ರತಿಯೊಂದರಲ್ಲೂ ನಿಮ್ಮ ಪಾಲೆಷ್ಟು ಅಂತ ಬೇರೆ ಬೇರೆಯಾಗಿ ಕೇಳಿದರು. 20ರಲ್ಲಿ 16 ಕೆಲಸಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ಆಗಿರುವ ಕೆಲಸಕ್ಕಿಂತ ಜಾಸ್ತಿ ಬಂತು.

ಇಬ್ಬರೂ ಸುಳ್ಳು ಹೇಳುತ್ತಿದ್ದರಾ? ಇಲ್ಲ. ತಮಾಷೆಯೆಂದರೆ ಆ ಪಟ್ಟಿಯಲ್ಲಿ "ಜಗಳ ಶುರುಮಾಡುವುದು" ಅನ್ನುವುದೂ ಇತ್ತು. ಅಂಥ ಕೆಟ್ಟ ಹೆಸರಿನ ಕೆಲಸದಲ್ಲೂ ಜನ ತಮ್ಮ ಪಾಲನ್ನು ಜಾಸ್ತಿಯೇ ಹೇಳಿಕೊಂಡರು. ಅಂದರೆ ಇದು ಬರೀ ಜಂಬವಲ್ಲ, ನೆನಪಿನ ಆಟ. ನಾನು ಪಾತ್ರೆ ತೊಳೆದ ಪ್ರತಿ ನಿಮಿಷವೂ ನನಗೆ ಗೊತ್ತು. ನೀರಿನ ತಣ್ಣಗು, ಸೊಂಟದ ನೋವು ಎಲ್ಲ ನೆನಪಿದೆ. ಅವಳು ತೊಳೆದದ್ದು ಗೊತ್ತಾಗುವುದು, ಬೆಳಿಗ್ಗೆ ಪಾತ್ರೆ ಜಾಗದಲ್ಲಿ ಪಾತ್ರೆ ಇದ್ದಾಗ. ಜಾಗದಲ್ಲಿ ಇರುವ ಪಾತ್ರೆಯನ್ನು ಯಾರು ಗಮನಿಸುತ್ತಾರೆ?

"ನಾನೇ ಜಾಸ್ತಿ ಮಾಡೋದು" ಅಂತ ನಿಮಗೆ ಖಾತ್ರಿಯಾಗಿ ಅನಿಸಿದರೆ, ಅದು ನಿಜವೇ ಇರಬಹುದು. ಆದರೆ ಹಾಗೆ ಅನಿಸಿದೆ ಅನ್ನುವುದೊಂದೇ ಸಾಕ್ಷಿಯಾಗುವುದಿಲ್ಲ, ಯಾಕೆಂದರೆ ಎದುರಿನವರಿಗೂ ಅಷ್ಟೇ ಖಾತ್ರಿಯಿರುತ್ತದೆ. ಬಾಯಿಲೆಕ್ಕದಲ್ಲಿ ಇದು ಯಾವತ್ತೂ ತೀರುವುದಿಲ್ಲ. ಕಾಗದದ ಮೇಲೆ ಬರೆಯಬೇಕು.

ಕೈ ಮಾಡುವ ಕೆಲಸ, ತಲೆ ಮಾಡುವ ಕೆಲಸ

ಬರೆಯಲು ಕೂತಾಗಲೇ ನನಗೆ ಶೂ ಜಗಳ ಅರ್ಥವಾಗಿದ್ದು. ನನ್ನ ಪಟ್ಟಿ ಹೀಗಿತ್ತು: ತರಕಾರಿ ತರುವುದು, ಬಿಲ್ ಕಟ್ಟುವುದು, ಮಗಳನ್ನು ಶಾಲೆಗೆ ಬಿಡುವುದು, ಬಟ್ಟೆ ಒಣಗಿಸುವುದು. ಚೆನ್ನಾಗಿಯೇ ಉದ್ದ ಇತ್ತು. ಅವಳ ಪಟ್ಟಿಯಲ್ಲಿ ನಾನು ಯಾವತ್ತೂ ಕೆಲಸ ಅಂತ ಎಣಿಸದೆ ಇದ್ದ ಸಾಲುಗಳಿದ್ದವು. "ಲಸಿಕೆ ಯಾವಾಗ ಅಂತ ನೆನಪಿಡೋದು." "ಚಳಿ ಬರೋ ಮುಂಚೆ ಸ್ವೆಟರ್ ಆಗುತ್ತಾ ನೋಡೋದು." "ಟೀಚರ್ ಮೆಸೇಜ್ ಓದಿ ಯಾವುದು ಮುಖ್ಯ ಅಂತ ತೆಗೆಯೋದು." "ನಿನಗೆ ನೆನಪು ಮಾಡೋದು." ಕೊನೆಯದು ನೋಡಿ ಸ್ವಲ್ಪ ಹೊತ್ತು ನಾನು ಏನೂ ಮಾತಾಡಲಿಲ್ಲ.

ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ ಈ ತಲೆಯೊಳಗಿನ ಕೆಲಸವನ್ನು ಬಿಡಿಸಿ ನೋಡಿದವರು. 35 ಜೋಡಿಗಳ ಜೊತೆ, ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತಾಡಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಪ್ರಕಾರ ಇದರಲ್ಲಿ ನಾಲ್ಕು ಹಂತ ಇವೆ. ಶೂವನ್ನೇ ತೆಗೆದುಕೊಳ್ಳೋಣ. ಮಗಳ ಕಾಲು ಬೆಳೆಯುತ್ತಿದೆ, ಸ್ವಲ್ಪ ದಿನದಲ್ಲೇ ಹೊಸದು ಬೇಕಾಗುತ್ತದೆ ಅಂತ ಮುಂಚೆಯೇ ಗ್ರಹಿಸುವುದು ಒಂದು. ಯಾವ ಅಳತೆ, ಯಾವ ಬಣ್ಣಕ್ಕೆ ಶಾಲೆ ಒಪ್ಪುತ್ತದೆ, ಎಲ್ಲಿ ಸಿಗುತ್ತದೆ ಅಂತ ಹುಡುಕುವುದು ಎರಡು. ಇದನ್ನೇ ತರೋಣ ಅಂತ ನಿರ್ಧರಿಸುವುದು ಮೂರು. ತಂದ ಮೇಲೆ ಕಚ್ಚುತ್ತಿದೆಯಾ, ಬದಲಾಯಿಸಬೇಕಾ ಅಂತ ಗಮನ ಇಡುವುದು ನಾಲ್ಕು.

ಅಂಗಡಿಗೆ ಹೋಗಿ ತರುವುದು ಈ ನಾಲ್ಕರಲ್ಲಿ ಎಲ್ಲೂ ಇಲ್ಲ, ಗಮನಿಸಿದಿರಾ? ಅದು ಕೈಕೆಲಸ. "ಹೇಳಿದ್ದರೆ ತರ್ತಿದ್ದೆ" ಅಂದಾಗ ನಾನು ಒಪ್ಪಿಕೊಳ್ಳಲು ಸಿದ್ಧನಿದ್ದದ್ದು ಅದೊಂದನ್ನೇ.

ಡ್ಯಾಮಿಂಜರ್ ಕಂಡ ಇನ್ನೊಂದು ವಿಷಯ ಕುತೂಹಲದ್ದು. ಮೂರನೇ ಹಂತ, ಅಂದರೆ ನಿರ್ಧಾರ, ಬಹಳಷ್ಟು ಜೋಡಿಗಳಲ್ಲಿ ಇಬ್ಬರೂ ಸೇರಿಯೇ ಆಗುತ್ತಿತ್ತು. ಮುಂಚೆಯೇ ಗ್ರಹಿಸುವುದು ಮತ್ತು ಕೊನೆಗೆ ಗಮನ ಇಡುವುದು ಮಾತ್ರ ಹೆಚ್ಚಾಗಿ ಹೆಂಡತಿಯ ತಲೆಯ ಮೇಲಿತ್ತು. ನಿರ್ಧಾರ ಕಣ್ಣಿಗೆ ಕಾಣುವ ಕೆಲಸ. ಕೂತು ಮಾತಾಡಿದ್ದು ಇಬ್ಬರಿಗೂ ನೆನಪಿರುತ್ತದೆ. ಹಾಗಾಗಿ "ನಾವು ಎಲ್ಲ ಸೇರಿಯೇ ಮಾಡ್ತೀವಿ" ಅಂತ ಗಂಡ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಹೆಂಡತಿಗೆ ಮೈಯೆಲ್ಲ ಉರಿಯುತ್ತದೆ. ಇಬ್ಬರೂ ತಮಗೆ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ತಲೆಕೆಲಸದ ಕಷ್ಟ ಏನೆಂದರೆ ಅದಕ್ಕೆ ಹೊತ್ತುಗೊತ್ತಿಲ್ಲ. ಪಾತ್ರೆ ತೊಳೆದರೆ ಮುಗಿಯಿತು. "ಲಸಿಕೆ ಯಾವಾಗ" ಅನ್ನುವುದು ಮೀಟಿಂಗಿನ ನಡುವೆ, ಸ್ನಾನದ ನಡುವೆ, ನಿದ್ದೆ ಹತ್ತುವ ಹೊತ್ತಿಗೆ ಬಂದು ತಟ್ಟುತ್ತದೆ. ಮನೆಯಲ್ಲಿ ಯಾವಾಗಲೂ ಒಬ್ಬರ ತಲೆ ಓಡುತ್ತಲೇ ಇದ್ದು, ಇನ್ನೊಬ್ಬರದ್ದು ಹೇಳಿದಾಗ ಮಾತ್ರ ಓಡಿದರೆ, ಅವರು ಗಂಡ ಹೆಂಡತಿಯಂತೆ ಇರುವುದು ಬಿಟ್ಟು ಮೇಲ್ವಿಚಾರಕಿ ಮತ್ತು ಸಹಾಯಕನಂತೆ ಆಗುತ್ತಾರೆ. ಮೇಲ್ವಿಚಾರಕಿಗೆ ಸಹಾಯಕನ ಮೇಲೆ ಎಷ್ಟು ಪ್ರೀತಿ ಉಕ್ಕೀತು? ಕೆಲವು ಮನೆಗಳಲ್ಲಿ ಇದು ಉಲ್ಟಾ ಇರುತ್ತದೆ, ಗಂಡನ ತಲೆಯೇ ಓಡುತ್ತಿರುತ್ತದೆ. ಆಗಲೂ ಕತೆ ಇದೇ.

ಪರಿಹಾರ ಹೇಳಲು ಸುಲಭ, ಮಾಡಲು ಕಷ್ಟ. ಕೆಲಸವನ್ನು ತುಂಡು ಮಾಡಿ ಹಂಚಬೇಡಿ, ಇಡಿಯಾಗಿ ಕೊಟ್ಟುಬಿಡಿ. ಶೂ ನನ್ನದು ಅಂದರೆ ಕಾಲು ಅಳೆಯುವುದರಿಂದ ಹಿಡಿದು ಹಳೆಯದನ್ನು ಯಾರಿಗೆ ಕೊಡುವುದು ಅನ್ನುವವರೆಗೂ ನನ್ನದು. ಅವಳು ಮರೆತುಬಿಡಬಹುದು. ಮರೆಯುವ ಹಕ್ಕು ಸಿಗದಿದ್ದರೆ ಹಂಚಿಕೆ ಆಗಿಯೇ ಇಲ್ಲ ಅಂತ ಅರ್ಥ. ನಾವು ಮೂರೇ ಮೂರು ಕೆಲಸಗಳಿಂದ ಶುರು ಮಾಡಿದೆವು: ಮಗಳ ಬಟ್ಟೆ-ಶೂ, ಆಸ್ಪತ್ರೆಯ ವಿಷಯ, ಶಾಲೆಯ ಮೆಸೇಜುಗಳು. ಮೂರೂ ನನ್ನ ಕಡೆ ಬಂದವು. ಮೊದಲ ತಿಂಗಳು ಎರಡು ಎಡವಟ್ಟಾದವು. ಒಂದು ದಿನ ಮಗಳು ಬಣ್ಣದ ಬಟ್ಟೆ ಹಾಕುವ ದಿನ ಯೂನಿಫಾರ್ಮ್ ಹಾಕಿಕೊಂಡು ಹೋದಳು. ಅತ್ತಳು. ಹೆಂಡತಿ ಮಧ್ಯೆ ಬರಲಿಲ್ಲ. ಆಮೇಲೆ ಮೆಸೇಜನ್ನು ರಾತ್ರಿಯೇ ಓದುವುದು ನನಗೆ ತಾನಾಗಿ ಅಭ್ಯಾಸವಾಯಿತು.

ಬಿಟ್ಟುಕೊಡುವವರ ಕಡೆಯ ಕಷ್ಟವನ್ನೂ ಹೇಳಬೇಕು. ಇನ್ನೊಬ್ಬರು ಮಾಡುವ ರೀತಿ ನಮ್ಮ ರೀತಿಯಂತೆ ಇರುವುದಿಲ್ಲ. ಮಗುವಿನ ಕೂದಲು ಸೊಟ್ಟಗೆ ಬಾಚಿರುತ್ತಾರೆ. ಆಗ ಕೈ ಹಾಕಿ ಸರಿ ಮಾಡಿದರೆ, ನಾಳೆಯಿಂದ ಆ ಕೆಲಸ ಮತ್ತೆ ನಿಮ್ಮದೇ. ಎಷ್ಟು ಚೆನ್ನಾಗಿ ಆದರೆ ಸಾಕು ಅಂತ ಮೊದಲೇ ಮಾತಾಡಿಕೊಂಡು, ಅದರಿಂದಾಚೆ ಬಾಯಿ ಬಿಗಿ ಹಿಡಿಯಬೇಕು. ಮಾತ್ರೆ ಎಷ್ಟು, ಯಾವಾಗ ಅನ್ನುವಂಥದ್ದರಲ್ಲಿ ಬಿಗಿ ಇರಲಿ. ಸಾಕ್ಸಿನ ಬಣ್ಣ ಹೊಂದದಿದ್ದರೆ ಏನಾಗುತ್ತೆ?

ಆಫೀಸು ಮನೆಗೆ ಬಂದಾಗ

ರೀನಾ ರೆಪೆಟಿ ಎಂಬ ಮನಶ್ಶಾಸ್ತ್ರಜ್ಞೆ 1989ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಮನೆಬದುಕಿನ ಬಗ್ಗೆ ಬರೆದರು. ಆ ಕೆಲಸದ ಒತ್ತಡವನ್ನು ಅಳೆಯುವುದು ಸುಲಭ: ಆವತ್ತು ಎಷ್ಟು ವಿಮಾನ, ಹವಾಮಾನ ಹೇಗಿತ್ತು ಅನ್ನುವುದು ದಾಖಲೆಯಲ್ಲೇ ಇರುತ್ತದೆ. ವಿಮಾನಗಳ ದಟ್ಟಣೆ ಜಾಸ್ತಿಯಿದ್ದ ದಿನ ಅವರು ಮನೆಗೆ ಬಂದು ಮೌನವಾಗಿ ಮೂಲೆ ಸೇರುತ್ತಿದ್ದರು. ಮನೆಯವರು ಅದನ್ನು ಅರ್ಥಮಾಡಿಕೊಂಡು ಸ್ವಲ್ಪ ಹೊತ್ತು ಬಿಟ್ಟರೆ ಅದು ಅವರಿಗೆ ಚೇತರಿಕೆಯ ದಾರಿಯಾಗುತ್ತಿತ್ತು.

ಸಮಸ್ಯೆ ಏನೆಂದರೆ, ಇಡೀ ದಿನ ನಿಮ್ಮ ಆಫೀಸಿನಲ್ಲಿ ಏನಾಯಿತು ಅಂತ ಮನೆಯಲ್ಲಿರುವವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಮುಖ ಗಂಟಿಕ್ಕಿಕೊಂಡು ಒಳಗೆ ಬಂದ ನೀವು ಮಾತ್ರ. ನನ್ನ ಮೇಲೇ ಸಿಟ್ಟು ಅಂದುಕೊಳ್ಳುವುದು ಸಹಜ ಅಲ್ವಾ? ಇಬ್ಬರೂ ದುಡಿಯುವವರಾದರೆ ಇಬ್ಬರಿಗೂ ಆ ಮೂಲೆ ಬೇಕು, ಮಗುವಿಗೆ ಮಾತ್ರ ಆ ಗಳಿಗೆಯಲ್ಲೇ ಅಪ್ಪ ಅಮ್ಮ ಇಬ್ಬರೂ ಬೇಕು.

ಇದಕ್ಕೆ ನನಗೆ ಗೊತ್ತಿರುವುದು ಒಂದೇ ಉಪಾಯ: ಬಾಯಿಬಿಟ್ಟು ಹೇಳುವುದು. "ಇವತ್ತು ಆಫೀಸಲ್ಲಿ ತಲೆ ಕೆಟ್ಟಿದೆ, ನಿನ್ನ ಮೇಲಲ್ಲ. ಹದಿನೈದು ನಿಮಿಷ ಕೊಡು, ಬರ್ತೀನಿ." ಹೇಳಿದ ಹದಿನೈದು ನಿಮಿಷಕ್ಕೆ ಸರಿಯಾಗಿ ಬರಬೇಕು, ಅದು ಷರತ್ತು. ಆಮೇಲೆ ಇನ್ನೊಬ್ಬರ ಸರದಿ. ಮನೆಯಿಂದಲೇ ಕೆಲಸ ಮಾಡುವವರಿಗೆ ಆಫೀಸಿನಿಂದ ಮನೆಗೆ ಬರುವ ದಾರಿಯೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎರಡು ಹೆಜ್ಜೆ ಇಟ್ಟರೆ ಹೋಂವರ್ಕ್. ಅಂಥವರು ಸುಮ್ನೆ ಹೊರಗೆ ಒಂದು ಸುತ್ತು ಹೋಗಿ ಬಂದರೂ ಆ ದಾರಿಯನ್ನು ತಾವೇ ಮಾಡಿಕೊಂಡಂತೆ.

ಮಾತಿನ ಮೊದಲ ಮೂರು ನಿಮಿಷ

ಇಷ್ಟೆಲ್ಲ ಆದ ಮೇಲೂ ಜಗಳ ಬರುತ್ತದೆ. ಬರಲಿ. ಜಗಳ ಹೇಗೆ ಶುರುವಾಗುತ್ತದೆ ಅನ್ನುವುದು ಮುಖ್ಯ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಗಾಟ್ಮನ್ ಮತ್ತು ಸಿಬಿಲ್ ಕರೇರ್ ಹೊಸದಾಗಿ ಮದುವೆಯಾದ 124 ಜೋಡಿಗಳಿಗೆ ತಮ್ಮ ನಡುವಿನ ಒಂದು ತಕರಾರಿನ ಬಗ್ಗೆ 15 ನಿಮಿಷ ಮಾತಾಡಲು ಹೇಳಿ ಚಿತ್ರೀಕರಿಸಿದರು. 6 ವರ್ಷ ಅವರನ್ನು ಹಿಂಬಾಲಿಸಿದ ಮೇಲೆ 1999ರಲ್ಲಿ ಹೇಳಿದ್ದು ಇದು: ಆ ಮಾತುಕತೆಯ ಮೊದಲ 3 ನಿಮಿಷ ನೋಡಿದರೇ, ಮುಂದೆ ಬೇರೆಯಾದವರಿಗೂ ಜೊತೆಗೆ ಉಳಿದವರಿಗೂ ಇದ್ದ ವ್ಯತ್ಯಾಸ ಕಾಣುತ್ತಿತ್ತು. ಬಿರುಸಾಗಿ ಶುರುವಾದದ್ದು ಬಿರುಸಾಗಿಯೇ ಮುಗಿಯುತ್ತಿತ್ತು.

ಬಿರುಸು ಅಂದರೆ ಏರುದನಿ ಅಂತಷ್ಟೇ ಅಲ್ಲ. "ನೀನು ಯಾವತ್ತೂ ಮನೆ ಬಗ್ಗೆ ಯೋಚನೆನೇ ಮಾಡಲ್ಲ" ಅನ್ನುವುದು ಮೆಲುದನಿಯಲ್ಲಿ ಹೇಳಿದರೂ ಬಿರುಸೇ, ಯಾಕೆಂದರೆ ಅದು ಮನುಷ್ಯನ ಮೇಲಿನ ತೀರ್ಪು. "ಶೂ ಬಿಗಿಯಾಗಿದೆ. ಇದನ್ನೆಲ್ಲ ನೆನಪಿಟ್ಟು ನನಗೆ ಸುಸ್ತಾಗಿದೆ. ಇದೊಂದನ್ನ ನೀನು ಪೂರ್ತಿ ನೋಡ್ಕೋತೀಯಾ?" ಅನ್ನುವುದರಲ್ಲೂ ದೂರು ಇದೆ. ಆದರೆ ಎದುರಿನವರಿಗೆ ಉತ್ತರ ಕೊಡಲು ಒಂದು ಬಾಗಿಲು ತೆರೆದಿರುತ್ತದೆ. "ಯಾವತ್ತೂ", "ಯಾವಾಗಲೂ" ಅನ್ನುವ ಎರಡು ಪದಗಳನ್ನು ಬಿಟ್ಟರೆ ಎಷ್ಟೋ ಜಗಳಗಳಿಗೆ ಉಸಿರೇ ಇರುವುದಿಲ್ಲ.

ಇವೆಲ್ಲಕ್ಕಿಂತ ವಿಷ ಅಂತ ಗಾಟ್ಮನ್ ಹೇಳುವುದು ತಿರಸ್ಕಾರವನ್ನು. ಕಣ್ಣು ತಿರುಗಿಸುವುದು, ಅಣಕಿಸುವುದು, ಮಕ್ಕಳ ಮುಂದೆ "ನಿಮ್ಮಪ್ಪನಿಗೆ ಇದೂ ಬರಲ್ಲ" ಅನ್ನುವುದು. ಸಿಟ್ಟು ಹೋಗುತ್ತದೆ, ಇದು ಒಳಗೆ ಕೂರುತ್ತದೆ.

ಜೊತೆಗೆ ಕಳೆಯುವ ಸಮಯದ ಬಗ್ಗೆ ಎರಡೇ ಮಾತು. ವಾರಕ್ಕೊಮ್ಮೆ ಇಬ್ಬರೇ ಹೊರಗೆ ಹೋಗಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಮಗುವನ್ನು ಯಾರು ನೋಡಿಕೊಳ್ಳಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಆಗುವವರು ಹೋಗಲಿ. ಆಗದವರಿಗೆ ಆರ್ಥರ್ ಆರನ್ ಎಂಬವರ ಪ್ರಯೋಗ ಸ್ವಲ್ಪ ಧೈರ್ಯ ಕೊಡಬಹುದು. 2000ದಲ್ಲಿ ಪ್ರಕಟವಾದ ಅದರಲ್ಲಿ ಜೋಡಿಗಳ ಕೈಕಾಲು ಒಟ್ಟಿಗೆ ಕಟ್ಟಿ, ಒಂದು ದಿಂಬನ್ನು ಕೈ ಬಳಸದೆ ನಡುವೆ ಒತ್ತಿ ಹಿಡಿದು ಅಂಬೆಗಾಲಿಕ್ಕಿ ಹೋಗಲು ಹೇಳಿದ್ದರು. ಏಳು ನಿಮಿಷದ ಹುಚ್ಚಾಟ. ಮಾಮೂಲಿ ಕೆಲಸ ಮಾಡಿದ ಜೋಡಿಗಳಿಗಿಂತ ಇವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಖುಷಿಯಿತ್ತು. ಹೊಸದು, ಇಬ್ಬರೂ ಸೇರಿ ಮಾಡುವಂಥದ್ದು, ನಗು ಬರಿಸುವಂಥದ್ದು ಏನಾದರೂ ಆದೀತು. ಮಕ್ಕಳ ವೇಳಾಪಟ್ಟಿ ಬಿಟ್ಟು ಬೇರೆ ಯಾವುದಾದರೂ ವಿಷಯ ಹತ್ತು ನಿಮಿಷ ಮಾತಾಡುವುದೂ ಕೆಲವು ಮನೆಗಳಲ್ಲಿ ಹೊಸದೇ.

ಒಂದು ಎಚ್ಚರಿಕೆ. ಹೊಡೆತ, ಬೆದರಿಕೆ, ದುಡ್ಡು ಕೊಡದೆ ಕಟ್ಟಿಹಾಕುವುದು ಇರುವ ಮನೆಗೆ ಮೇಲಿನ ಯಾವ ಮಾತೂ ಅನ್ವಯಿಸುವುದಿಲ್ಲ. ಅದು ಕೆಲಸದ ಹಂಚಿಕೆಯ ವಿಷಯವೇ ಅಲ್ಲ, ಅಲ್ಲಿ ಮೊದಲು ಬೇಕಾಗಿರುವುದು ರಕ್ಷಣೆ. ಹಾಗೆಯೇ ಹೆರಿಗೆಯ ನಂತರ ವಾರಗಟ್ಟಲೆ ಮಂಕು, ಅಳು, ಮಗುವಿನ ಮೇಲೂ ಆಸಕ್ತಿ ಇಲ್ಲದಿರುವುದು ಕಂಡರೆ ಅದು ಸೋಮಾರಿತನವೂ ಅಲ್ಲ, ಸೊಕ್ಕೂ ಅಲ್ಲ. ಹೆರಿಗೆಯ ನಂತರದ ಖಿನ್ನತೆ ಇರಬಹುದು, ತಂದೆಯರಿಗೂ ಬರುತ್ತದೆ, ವೈದ್ಯರ ಹತ್ತಿರ ವಾಸಿಯೂ ಆಗುತ್ತದೆ.

ಶೂ ಈಗಲೂ ನನ್ನ ಖಾತೆಯಲ್ಲಿದೆ. ಹೋದ ತಿಂಗಳು ಮಗಳನ್ನು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದು, ಅಳತೆ ಹಿಡಿದುಕೊಂಡು ಹೋಗಿ ತಂದೆ. ಬೆಳೆಯುವ ಕಾಲು ಅಂತ ಒಂದು ಅಳತೆ ದೊಡ್ಡದೇ ತಂದೆ. ಮಗಳು ಹಾಕಿಕೊಂಡು ಟಪಟಪ ಅಂತ ಮನೆಯೆಲ್ಲ ಓಡಾಡಿದಳು. ಹಿಮ್ಮಡಿಯ ಹತ್ತಿರ ಒಂದು ಬೆರಳು ಆರಾಮಾಗಿ ತೂರುವಷ್ಟು ಜಾಗ ಇತ್ತು. ಹೆಂಡತಿ ಬಾಗಿಲ ಹತ್ತಿರ ನಿಂತು ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಒಳಗೆ ಹೋದಳು.

ಮಾರನೇ ದಿನ ನಾನೇ ಹೋಗಿ ಬದಲಾಯಿಸಿಕೊಂಡು ಬಂದೆ.